ಸ್ಟೆಪ್ನಿಯ ಜೊತೆಗಿರಬೇಕಾದ ಉಪಕರಣ: ಅಗ್ಗವೋ, ಗಟ್ಟಿಯೋ?

ಒಂದು ಕಾಲದಲ್ಲಿ ಯಾತ್ರೆಯೆಂದರೆ ರೊಟ್ಟಿಬುತ್ತಿ ಕಟ್ಟಿಕೊಂಡು ಊರ ಜನರೊಡನೆ ಬಸ್ಸನ್ನೋ ಟೆಂಪೊವನ್ನೋ ಏರುವುದಾಗಿತ್ತು. ವಾಹನದ ಯೋಗಕ್ಷೇಮವೆಲ್ಲ ಚಾಲಕನಿಗೂ ಕ್ಲೀನರನಿಗೂ ಸೇರಿದ್ದು. ಪಂಕ್ಚರ್ ಆದರೆ ಯಾತ್ರಿಕರು ಇಳಿದು ಮರದ ನೆರಳಿನಲ್ಲಿ ನಿಂತು ಮಾತನಾಡುತ್ತಿದ್ದರು. ಇಂದು ಸಾಮಾನ್ಯ ಗೃಹಸ್ಥರ ಮನೆಯಂಗಳದಲ್ಲಿಯೂ ಸ್ವಂತ ಕಾರು ನಿಂತಿದೆ. ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ತುಮಕೂರುಗಳಿಂದ ಮಗನೋ ಸೊಸೆಯೋ ಸ್ಟೇರಿಂಗ್ ಹಿಡಿದು, ಹಿಂದಿನ ಆಸನದಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಘಟ್ಟವಿಳಿದು ಧರ್ಮಸ್ಥಳಕ್ಕೆ ಹೋಗಿಬರುವುದು ರೂಢಿಯಾಗಿದೆ. ಸೌಕರ್ಯವು ಹೆಚ್ಚಿದಾಗ ಹೊಣೆಯೂ ಹೆಚ್ಚುತ್ತದೆ. ಚಾಲಕನೂ ಕ್ಲೀನರನೂ ವಹಿಸುತ್ತಿದ್ದ ಭಾರವು ಈಗ ಮನೆಯವರ ಹೆಗಲಿಗೇ ಬಂದಿದೆಯೆಂಬುದನ್ನು ನಾವು ಮರೆಯುವಂತಿಲ್ಲ.

ಪ್ರತಿ ವರ್ಷ ಆಯುಧಪೂಜೆಯ ದಿನ ಕಾರನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಇಡುತ್ತೇವೆ. ಆದರೆ ಡಿಕ್ಕಿಯ ತಳದಲ್ಲಿ ಸ್ಟೆಪ್ನಿಯ ಮಗ್ಗುಲಲ್ಲಿ ಸುತ್ತಿಟ್ಟಿರುವ ಜಾಕ್ ಮತ್ತು ವೀಲ್ ಪಾನವನ್ನು ಅಂದೂ ಹೊರಗೆ ತೆಗೆದು ನೋಡುವವರು ಕಡಿಮೆ. ನಿಜವಾಗಿ ಆಯುಧವೆನ್ನಿಸಿಕೊಳ್ಳತಕ್ಕವು ಅವೇ. ಅವು ಕೈಕೊಟ್ಟ ದಿನ, ಲಕ್ಷಾಂತರ ರೂಪಾಯಿಯ ವಾಹನವು ಹಾದಿಯ ಅಂಚಿನಲ್ಲಿ ನಿರುಪಯೋಗಿಯಾಗಿ ನಿಂತುಬಿಡುತ್ತದೆ.

ಪೇಟೆಯಲ್ಲಿ ಈ ಉಪಕರಣಗಳು ಎರಡು ಬಗೆಯಾಗಿ ದೊರೆಯುತ್ತವೆ. ಹೊರದೇಶದಿಂದ ರಾಶಿರಾಶಿಯಾಗಿ ಬರುವ, ಥಳಥಳಿಸುವ, ಅತಿ ಅಗ್ಗದ ಮಾಲು ಒಂದು. ಬೆಲೆ ಎರಡು ಮೂರು ಪಟ್ಟು ಹೆಚ್ಚಾದರೂ ಹೆಸರುಳ್ಳ ತಯಾರಕರ ಗಟ್ಟಿಯಾದ ಮಾಲು ಇನ್ನೊಂದು. ಯಾವುದನ್ನು ಕೊಳ್ಳಬೇಕು? ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಎಲ್ಲವನ್ನೂ ದುಬಾರಿಯಾಗಿ ಕೊಳ್ಳಬೇಕಾಗಿಲ್ಲ. ಎಲ್ಲವನ್ನೂ ಅಗ್ಗವಾಗಿ ಕೊಳ್ಳುವುದೂ ತರವಲ್ಲ. ವಾಹನದ ಭಾರವನ್ನು ಹೊರುವ ಜಾಕ್ ಮತ್ತು ನಟ್ಟನ್ನು ಹಿಡಿಯುವ ಪಾನ, ಇವೆರಡರಲ್ಲಿ ಜಿಪುಣತನ ಸಲ್ಲದು. ಉಳಿದವುಗಳಲ್ಲಿ ಉಳಿತಾಯ ಮಾಡಿದರೆ ದೋಷವಿಲ್ಲ. ಈ ವಿವೇಚನೆಗೆ ಕಾರಣಗಳನ್ನು ಮುಂದೆ ಕ್ರಮವಾಗಿ ನಿವೇದಿಸುತ್ತೇವೆ.

ಮೂರು ಊರುಗಳ ಹಾದಿ

ನಮ್ಮ ಕುಟುಂಬಗಳು ಹೆಚ್ಚಾಗಿ ಸಂಚರಿಸುವ ಒಂದು ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಒಂದು ತ್ರಿಕೋನದ ಮೂರು ಮೂಲೆಗಳಂತಿವೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಎರಡು ಹೆದ್ದಾರಿಗಳು ಬೇರೆಯಾಗುತ್ತವೆ. ಹಿಂದೆ ೪೮ ಎಂಬ ಸಂಖ್ಯೆಯಿದ್ದ, ಈಗ ೭೫ ಆಗಿರುವ ಹೆದ್ದಾರಿಯು ಮಾಣಿ, ಉಪ್ಪಿನಂಗಡಿಗಳ ಮೇಲೆ ಶಿರಾಡಿ ಘಟ್ಟಕ್ಕೆ ಹೋಗುತ್ತದೆ. ಹಿಂದೆ ೨೩೪ ಆಗಿದ್ದ, ಈಗಿನ ೭೩ನೆಯ ಹೆದ್ದಾರಿಯು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿ ಘಟ್ಟವನ್ನೇರಿ ಕೊಟ್ಟಿಗೆಹಾರವನ್ನು ಸೇರುತ್ತದೆ. ಗುರುವಾಯನಕೆರೆಯಿಂದ ಇನ್ನೊಂದು ದಾರಿ, ೧೬೦೪ರಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ವೇಣೂರಿನ ಮೇಲೆ, ಸಾವಿರ ಕಂಬದ ಬಸದಿಯ ಮೂಡುಬಿದಿರೆಗೆ ಹೋಗುತ್ತದೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಯ ಮಾರ್ಗವಾಗಿ ಮತ್ತೆ ಬಂಟ್ವಾಳಕ್ಕೆ ಇಳಿಯಬಹುದು.

ಈ ದಾರಿಗಳು ನೋಡಲು ರಮಣೀಯವಾದವು. ಆದರೆ ಟೈರುಗಳ ಪಾಲಿಗೆ ಸೌಮ್ಯವಾದವುಗಳಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೇ ಇಲ್ಲಿಯ ಮುಖ್ಯ ಸಂಗತಿ. ಜಿಲ್ಲೆಯ ವಾರ್ಷಿಕ ಮಳೆಯು ೩,೫೦೦ ಮಿಲಿಮೀಟರನ್ನು ಮೀರುತ್ತದೆ. ಡಾಂಬರಿನ ಅಂಚನ್ನು ನೀರು ಕೊರೆದು ಚೂಪಾಗಿಸುತ್ತದೆ. ಎದುರಿನ ಬಸ್ಸಿಗೆ ದಾರಿ ಕೊಡಲು ಪಕ್ಕಕ್ಕೆ ಸರಿದಾಗ ಆ ಅಂಚು ಟೈರಿನ ಪಕ್ಕೆಯನ್ನು ಸೀಳುತ್ತದೆ. ಹೆದ್ದಾರಿಗಳ ಅಗಲೀಕರಣದ ಕಾಮಗಾರಿ ನಡೆದ ಕಡೆಗಳಲ್ಲಿ ಮೊಳೆ, ಕಬ್ಬಿಣದ ಚೂರುಗಳೂ ಬಿದ್ದಿರುವುದುಂಟು. ೨೦೧೯ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ಚಾರ್ಮಾಡಿ ಘಟ್ಟವು ಅನೇಕ ಕಡೆ ಕುಸಿದು ಸಂಚಾರವೇ ನಿಂತುಹೋದುದನ್ನು ಓದುಗರು ಮರೆತಿರಲಾರರು. ಅಂಥ ಇಕ್ಕಟ್ಟಾದ ತಿರುವಿನಲ್ಲಿ, ಮಂಜು ಮುಸುಕಿದ ಸಂಜೆ, ಮೊಬೈಲಿಗೆ ಸಂಪರ್ಕ ಸಿಗದ ಎಡೆಯಲ್ಲಿ ಟೈರು ಬಿರಿದರೆ, ಅರ್ಧ ಗಂಟೆಯ ಕೆಲಸವು ಅರ್ಧ ರಾತ್ರಿಯ ಸಂಕಟವಾಗುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಡಿಕ್ಕಿಯಲ್ಲಿರುವ ಆ ಎರಡು ಕಬ್ಬಿಣದ ತುಂಡುಗಳೇ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ೨೦೨೦ರ ಜುಲೈನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಮತ್ತು ಟೈರು ದುರಸ್ತಿಯ ಕಿಟ್ ಇವು ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ಟಿನ ಅಂಟು ಮೊಳೆಯ ತೂತನ್ನು ಮುಚ್ಚಬಲ್ಲುದೇ ಹೊರತು ಸೀಳಿದ ಪಕ್ಕೆಯನ್ನು ಕೂಡಿಸಲಾರದು. ಆದ್ದರಿಂದ ಘಟ್ಟದ ದಾರಿಯಲ್ಲಿ ಸಂಚರಿಸುವವರು ಹೊಸ ಕಾರನ್ನು ಕೊಳ್ಳುವಾಗ ಸ್ಟೆಪ್ನಿಯುಂಟೆ, ಜಾಕ್ ಮತ್ತು ಪಾನ ಉಂಟೆ ಎಂದು ಬಾಯಿಬಿಟ್ಟು ಕೇಳಿ ತಿಳಿಯುವುದು ಉಚಿತ.

ಅಗ್ಗದ ಮಾಲು ಬಂದ ಬಗೆ

ಅಂಬಾಸಿಡರ್ ಕಾರುಗಳ ಕಾಲದಲ್ಲಿ ಆಯ್ಕೆಯ ಪ್ರಶ್ನೆಯೇ ಹೆಚ್ಚಾಗಿ ಏಳುತ್ತಿರಲಿಲ್ಲ. ಪಂಜಾಬಿನ ಲೂಧಿಯಾನ, ಜಲಂಧರಗಳ ಕಾರ್ಖಾನೆಗಳು, ನಾಸಿಕದ ತಪಾರಿಯಾದಂಥ ಸಂಸ್ಥೆಗಳು ತಯಾರಿಸಿದ ಪಾನಗಳನ್ನೇ ಮೆಕ್ಯಾನಿಕರು ಬಳಸುತ್ತಿದ್ದರು. ಅವು ತಂದೆಯಿಂದ ಮಗನಿಗೆ ಬರುತ್ತಿದ್ದವು. ೧೯೯೧ರಲ್ಲಿ ಆರ್ಥಿಕ ಉದಾರೀಕರಣವು ಆರಂಭವಾಯಿತಾದರೂ ಅನೇಕ ಸಾಮಗ್ರಿಗಳ ಆಮದಿನ ಮೇಲೆ ಪರಿಮಾಣದ ನಿರ್ಬಂಧ ಉಳಿದುಕೊಂಡಿತ್ತು. ಕೊನೆಯ ಕಂತಿನ ೭೧೫ ವಸ್ತುಗಳ ಮೇಲಿನ ನಿರ್ಬಂಧವು ೨೦೦೧ರ ಏಪ್ರಿಲ್ ೧ರಂದು ತೆರವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾ ದೇಶವು ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವವನ್ನು ಪಡೆಯಿತು. ತರುವಾಯ ಅಗ್ಗದ ಉಪಕರಣಗಳ ಪ್ರವಾಹವು ನಮ್ಮ ಸಣ್ಣ ಊರುಗಳ ಅಂಗಡಿಗಳನ್ನೂ ಮುಟ್ಟಿತು. ಇಂದು ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ತರಿಸಿಕೊಳ್ಳಬಹುದಾಗಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಹೊರದೇಶದ್ದೆಲ್ಲ ಕಳಪೆ, ಸ್ವದೇಶದ್ದೆಲ್ಲ ಶ್ರೇಷ್ಠ ಎಂದು ತಿಳಿಯಬಾರದು. ಯೂರೋಪು, ಅಮೆರಿಕಗಳ ಹೆಸರಾಂತ ಸಂಸ್ಥೆಗಳು ಕೂಡ ತಮ್ಮ ಹಲವು ಉಪಕರಣಗಳನ್ನು ತೈವಾನ್, ಚೀನಾಗಳಲ್ಲಿ ಮಾಡಿಸುತ್ತವೆ. ಕೇಳಿದ ಹದಕ್ಕೆ ಸರಿಯಾಗಿ ಮಾಡಿಸಿಕೊಳ್ಳುತ್ತವೆ. ನಮ್ಮಲ್ಲಿಯೂ ಹೆಸರಿಲ್ಲದ, ವಿಳಾಸವಿಲ್ಲದ ಕಳಪೆ ಮಾಲು ಉಂಟು. ಹೀಗಾಗಿ ವಸ್ತು ಯಾವ ದೇಶದ್ದೆಂಬುದಕ್ಕಿಂತ, ಅದಕ್ಕೆ ಯಾರು ಹೊಣೆ ಎಂಬುದನ್ನು ಕೇಳಬೇಕು. ತಯಾರಕನು ತನ್ನ ಹೆಸರನ್ನು ಕಬ್ಬಿಣದ ಮೇಲೆ ಅಚ್ಚೊತ್ತಿ, ಕೆಟ್ಟರೆ ಬದಲಿ ಕೊಡುವ ಮಾತನ್ನಾಡಿದ್ದರೆ ಅದಕ್ಕೆ ಒಂದು ಬೆಲೆಯುಂಟು.

ಕೈಬಲದ ಲೆಕ್ಕ

ಪಾನದ ವಿಷಯದಲ್ಲಿ ಗುಣಮಟ್ಟವೆಂದರೇನು ಎಂಬುದು ಒಂದು ಸಣ್ಣ ಗಣಿತದಿಂದ ತಿಳಿಯುತ್ತದೆ. ಸಾಮಾನ್ಯ ಕುಟುಂಬದ ಕಾರುಗಳ ಚಕ್ರದ ನಟ್ಟನ್ನು ಸುಮಾರು ೮೫ರಿಂದ ೧೧೦ ನ್ಯೂಟನ್ ಮೀಟರ್ ಬಿಗಿತಕ್ಕೆ ಕೂರಿಸಬೇಕೆಂಬುದು ತಯಾರಕರ ಸೂಚನೆ. ನಿಖರವಾದ ಅಂಕಿಯು ಕಾರಿನ ಕೈಪಿಡಿಯಲ್ಲಿರುತ್ತದೆ. ಲೆಕ್ಕಕ್ಕೆ ೧೦೦ ಎಂದಿಟ್ಟುಕೊಳ್ಳೋಣ. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಹತ್ತು ಕಿಲೋ ಭಾರವನ್ನು ತೂಗುಬಿಟ್ಟಂತೆ ಅದು. ಕಾರಿನ ಜೊತೆಗೆ ಬರುವ ಬಾಗಿದ ಪಾನದ ತೋಳು ಸುಮಾರು ೨೫ ಸೆಂಟಿಮೀಟರ್ ಇದ್ದರೆ, ಅದೇ ನಟ್ಟನ್ನು ಬಿಚ್ಚಲು ೪೦ ಕಿಲೋ ಬಲ ಬೇಕು. ತೋಳು ೫೦ ಸೆಂಟಿಮೀಟರ್ ಇದ್ದರೆ ೨೦ ಕಿಲೋ ಸಾಕು.

ಆದರೆ ಪಂಕ್ಚರ್ ಅಂಗಡಿಗಳಲ್ಲಿ ಗಾಳಿಯ ಗನ್ನಿನಿಂದ ನಟ್ಟನ್ನು ಬಿಗಿಯುವಾಗ ಈ ಮಿತಿಯನ್ನು ನೋಡುವವರು ವಿರಳ. ಎರಡು ಪಟ್ಟು ಬಿಗಿಯಾಗಿ ಕೂತ ನಟ್ಟಿಗೆ ಸಣ್ಣ ಪಾನದಿಂದ ೮೦ ಕಿಲೋ ಬಲ ಹಾಕಬೇಕಾಗುತ್ತದೆ. ಅದು ಮನೆಯ ಹೆಣ್ಣುಮಕ್ಕಳಿಗಾಗಲಿ ಅರವತ್ತು ದಾಟಿದ ಹಿರಿಯರಿಗಾಗಲಿ ಸಾಧ್ಯವಾಗುವ ಮಾತಲ್ಲ. ಆಗ ಪಾನದ ಮೇಲೆ ಕಾಲಿಟ್ಟು ಜಿಗಿಯುವ ದುಸ್ಸಾಹಸವು ಆರಂಭವಾಗುತ್ತದೆ. ಪಾನ ಜಾರಿದರೆ ಮೊಣಕಾಲಿಗೆ ಪೆಟ್ಟು. ಬೋಲ್ಟು ಮುರಿದರೆ ಪ್ರಯಾಣಕ್ಕೇ ಪೆಟ್ಟು. ಹೊರಕ್ಕೆಳೆದು ಉದ್ದಮಾಡಬಹುದಾದ ಹಿಡಿಯುಳ್ಳ ಪಾನವನ್ನೋ, ಎರಡೂ ಕೈಗಳಿಂದ ತಿರುಗಿಸಬಹುದಾದ ಪ್ಲಸ್ ಪಾನವನ್ನೋ ಇಟ್ಟುಕೊಂಡರೆ ಈ ಕಷ್ಟವು ಅರ್ಧಕ್ಕಿಳಿಯುತ್ತದೆ. ಆದರೆ ಉದ್ದವಾದ ಹಿಡಿಯಿಂದ ಬಿಚ್ಚುವಾಗ ಇರುವ ಅನುಕೂಲವೇ ಬಿಗಿಯುವಾಗ ಅನನುಕೂಲವಾಗಬಾರದು. ಬಿಗಿಯುವಾಗ ಕೈಬಲವನ್ನು ಮಿತದಲ್ಲಿ ಬಳಸಿ, ಊರು ಸೇರಿದ ಮೇಲೆ ಅಳತೆಯುಳ್ಳ ಟಾರ್ಕ್ ಪಾನದಿಂದ ಪರೀಕ್ಷಿಸಿಕೊಳ್ಳಬೇಕು.

ಬ್ಯಾಟರಿಯಿಂದ ನಡೆಯುವ ಸಣ್ಣ ಗನ್ನುಗಳೂ ಈಗ ಅಗ್ಗವಾಗಿ ಬರುತ್ತಿವೆ. ಪೆಟ್ಟಿಗೆಯ ಮೇಲೆ ಬರೆದ ಬಲವು ಕೈಯಲ್ಲಿ ದೊರೆಯುವುದೆಂಬ ಭರವಸೆಯಿಲ್ಲ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿಯು ಬೇಕಾದ ದಿನವೇ ನಿದ್ರಿಸುತ್ತಿರುತ್ತದೆ. ಗಟ್ಟಿಯಾದ ಕೈಪಾನಕ್ಕೆ ಅದು ಎಂದೂ ಬದಲಿಯಾಗಲಾರದು.

ಹದದ ಮಾತು

ಈ ಸೀಮೆಯ ಅಡಿಕೆ ತೋಟದವರಿಗೆ ಕಬ್ಬಿಣದ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಕಮ್ಮಾರನು ಸರಿಯಾಗಿ ಹದ ಹಾಕದ ಕತ್ತಿಯು ಒಂದೋ ಬಾಗುತ್ತದೆ, ಇಲ್ಲವೇ ಮುಕ್ಕಾಗುತ್ತದೆ. ಕಾಯಿಸುವುದು, ಬಡಿಯುವುದು, ನೀರಿನಲ್ಲೋ ಎಣ್ಣೆಯಲ್ಲೋ ತಣಿಸುವುದು, ಮತ್ತೆ ಮಿತವಾಗಿ ಕಾಯಿಸಿ ಪೆಡಸನ್ನು ಇಳಿಸುವುದು ಇವೆಲ್ಲ ಕೂಡಿದರೆ ಹದ. ಪಾನದ ವಿಷಯವೂ ಅಷ್ಟೆ. ಒಳ್ಳೆಯ ಪಾನವನ್ನು ಕ್ರೋಮಿಯಂ, ವೆನೇಡಿಯಂ ಸೇರಿದ ಉಕ್ಕಿನಿಂದ ಬಡಿದು ರೂಪಿಸಿ, ಹದ ಹಾಕಿರುತ್ತಾರೆ. ಅಗ್ಗದ ಮಾಲು ಅನೇಕ ವೇಳೆ ಮೆದು ಕಬ್ಬಿಣದ್ದು. ಅದರ ಬಾಯಿಯು ಬಲ ಬಿದ್ದೊಡನೆ ಅರಳಿ, ನಟ್ಟಿನ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡುತ್ತದೆ. ಕೆಲವು ಪೆಡಸಾಗಿದ್ದು ಸಿಡಿಯುತ್ತವೆ. ಹೊರಗಿನ ನಿಕ್ಕಲ್, ಕ್ರೋಮಿಯಂ ಹೊಳಪು ಎರಡಕ್ಕೂ ಒಂದೇ ಆಗಿರುವುದರಿಂದ ಕಣ್ಣು ಮೋಸಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಸಂಜೆ ವೇಣೂರಿನಿಂದ ಗುರುವಾಯನಕೆರೆಗೆ ಬರುವ ದಾರಿಯಲ್ಲಿ ನಾವು ಇದನ್ನು ಪ್ರತ್ಯಕ್ಷ ಕಂಡೆವು. ನಾವು ಕುಳಿತಿದ್ದ ಭಕ್ತರೊಬ್ಬರ ಕಾರಿನ ಹಿಂದಿನ ಚಕ್ರವು ಇಳಿದುಹೋಯಿತು. ಅವರ ವೃದ್ಧ ತಾಯಿಯವರು ಮೊಮ್ಮಗಳೊಡನೆ ಕೊಡೆ ಹಿಡಿದು ಅಂಚಿನಲ್ಲಿ ನಿಂತರು. ಪೇಟೆಯಿಂದ ತಂದಿದ್ದ ಹೊಸ ಪಾನವು ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲನೆಯ ನಟ್ಟು ಹೇಗೋ ಬಂತು. ಎರಡನೆಯದಕ್ಕೆ ಪಾನದ ಬಾಯಿ ಅರಳಿತು. ಮೂರನೆಯದರ ಮೂಲೆಗಳೇ ಸವೆದುಹೋದವು. ಕತ್ತಲಾಗುತ್ತಿರಲು ಅಡಿಕೆಯ ಮೂಟೆಗಳನ್ನು ಹೇರಿಕೊಂಡು ಬಂದ ಪಿಕಪ್ಪಿನ ಚಾಲಕನು ತಾನಾಗಿಯೇ ನಿಲ್ಲಿಸಿದನು. ಆ ಪಾನವನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಪಾನ ಅಲ್ಲ ಮಾರಾಯ್ರೆ, ತಗಡು. ಇದರಲ್ಲಿ ನಟ್ಟು ಬಿಚ್ಚುವುದಲ್ಲ, ನಟ್ಟಿನ ಮೂಲೆ ಉಜ್ಜುವುದು" ಎಂದನು. ತನ್ನ ಆಸನದಡಿಯಿಂದ ಕಪ್ಪು ಹಿಡಿದ ಹಳೆಯ ಪ್ಲಸ್ ಪಾನವನ್ನು ತೆಗೆದನು. ಕೆಟ್ಟ ನಟ್ಟಿನ ಮೇಲೆ ಒಂದು ಅಳತೆ ಚಿಕ್ಕದಾದ ಬಾಯಿಯನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿ ಬಿಚ್ಚಿಕೊಟ್ಟನು. ಹಣ ಕೊಡಹೋದರೆ ಮುಟ್ಟಲಿಲ್ಲ. ಹೊಸದು ಸೋತ ಕಡೆ ಹಳೆಯದು ಗೆದ್ದಿತು. ಅದಕ್ಕೆ ಕಾರಣ ಅದರ ವಯಸ್ಸಲ್ಲ, ಹದ.

ಪಾನದ ಬಾಯಿಯ ಅಳತೆಯೂ ಮುಖ್ಯ. ನಮ್ಮ ದೇಶದ ಕಾರುಗಳಲ್ಲಿ ೧೭, ೧೯, ೨೧ ಮಿಲಿಮೀಟರಿನ ನಟ್ಟುಗಳು ಸಾಮಾನ್ಯ. ತಮ್ಮ ಕಾರಿನದು ಯಾವುದೆಂದು ತಿಳಿದುಕೊಂಡೇ ಅಂಗಡಿಗೆ ಹೋಗಬೇಕು. ಒಳಗೆ ಆರು ಮೂಲೆಯಿರುವ ಬಾಯಿಯು ನಟ್ಟಿನ ಚಪ್ಪಟೆ ಮುಖಗಳನ್ನು ಅಪ್ಪಿ ಹಿಡಿಯುತ್ತದೆ. ಹನ್ನೆರಡು ಮೂಲೆಯದು ಬೇಗ ಕೂರುತ್ತದಾದರೂ ಮೂಲೆಗಳ ಹತ್ತಿರವೇ ಬಲ ಹಾಕುವುದರಿಂದ ಬಿಗಿಯಾದ ನಟ್ಟಿಗೆ ತಕ್ಕುದಲ್ಲ. ಹಳೆಯ ವಿಲ್ಲಿಸ್ ಜೀಪುಗಳನ್ನು ಇನ್ನೂ ಇಟ್ಟುಕೊಂಡಿರುವ ಮನೆತನದವರು, ಅವುಗಳ ಎಡಗಡೆಯ ಚಕ್ರದ ನಟ್ಟನ್ನು ಬಿಚ್ಚಲು ಬಲಕ್ಕೆ ತಿರುಗಿಸಬೇಕೆಂಬುದನ್ನು ಕಿರಿಯರಿಗೆ ಹೇಳಿಕೊಡಬೇಕು. ಅಲಾಯ್ ಚಕ್ರಗಳಿಗೆ ಕಳ್ಳರ ಭಯದಿಂದ ವಿಶೇಷ ನಟ್ಟು ಹಾಕಿಸಿದವರು ಅದರ ಕೀಲಿಯನ್ನು ಮನೆಯ ಕಪಾಟಿನಲ್ಲಲ್ಲ, ಕಾರಿನಲ್ಲಿಯೇ ಇಡಬೇಕು.

ಜಾಕ್ ಹೊರುವ ಭಾರ

ಪಾನ ಕೆಟ್ಟರೆ ಪ್ರಯಾಣ ನಿಲ್ಲುತ್ತದೆ. ಜಾಕ್ ಕೆಟ್ಟರೆ ಪ್ರಾಣಕ್ಕೇ ಅಪಾಯ. ಹಳೆಯ ಮಾರುತಿ ೮೦೦ ಸುಮಾರು ೬೫೦ ಕಿಲೋ ತೂಗುತ್ತಿತ್ತು. ಇಂದಿನ ದೊಡ್ಡ ಕುಟುಂಬದ ವಾಹನಗಳು ೧,೬೦೦ ಕಿಲೋವನ್ನು ಮೀರುತ್ತವೆ. ಅದರ ಮೇಲೆ ಸಾಮಾನು ಬೇರೆ. ಒಂದು ಮೂಲೆಯನ್ನು ಎತ್ತುವಾಗ ಇಡೀ ತೂಕವು ಜಾಕ್‌ನ ಮೇಲೆ ಬೀಳದಾದರೂ ಕಾಲುಭಾಗಕ್ಕಿಂತ ಹೆಚ್ಚೇ ಬೀಳುತ್ತದೆ.

ಕಾರಿನ ಜೊತೆಗೆ ಬರುವ ಕತ್ತರಿಯಾಕಾರದ ಜಾಕ್ ತಿರುಪಿನ ಮೇಲೆ ನಿಲ್ಲುವಂಥದು. ಅದು ಪೂರ್ಣ ಮಡಚಿಕೊಂಡ ಸ್ಥಿತಿಯಲ್ಲಿರುವಾಗಲೇ ತಿರುಪಿಗೆ ಅತ್ಯಂತ ಹೆಚ್ಚಿನ ಬಲ ಬೀಳುತ್ತದೆ. ಅಗ್ಗದ ಜಾಕ್‌ನಲ್ಲಿ ತೆಳುವಾದ ತಗಡಿನ ತೋಳುಗಳು ಪಕ್ಕಕ್ಕೆ ವಾಲುತ್ತವೆ. ತಿರುಪಿನ ಹಲ್ಲುಗಳು ಬೇಗನೆ ಸವೆಯುತ್ತವೆ. 'ಮೂರು ಟನ್' ಎಂದು ಬಣ್ಣದಲ್ಲಿ ಬರೆದ ಮಾತ್ರಕ್ಕೆ ಅದು ಮೂರು ಟನ್ ಹೊರುವುದಿಲ್ಲ. ಕಾರು ತಯಾರಕರೇ ಕೊಟ್ಟ ಜಾಕ್ ಆ ಕಾರಿನ ಅಂಚಿನ ಕಚ್ಚಿಗೆ ಸರಿಯಾಗಿ ಕೂರುವಂತೆ ಮಾಡಿದ್ದು. ಅದು ಸಾಧಾರಣವಾಗಿ ಕಂಡರೂ ಅದನ್ನು ಗುಜರಿಗೆ ಹಾಕಿ ಹೊಳೆಯುವ ಇನ್ನೊಂದನ್ನು ತರುವುದು ಜಾಣತನವಲ್ಲ. ಹಳೆಯ ಕಾರನ್ನು ಕೊಳ್ಳುವವರು ಆ ಜಾಕ್ ಇದೆಯೇ ಎಂದು ಮೊದಲು ನೋಡಬೇಕು. ಇಲ್ಲದಿದ್ದರೆ ಆ ಕಾರಿನ ಮಾದರಿಗೆಂದೇ ಮಾಡಿದ್ದನ್ನು ತಯಾರಕರ ಬಿಡಿಭಾಗದ ಅಂಗಡಿಯಿಂದ ತರಿಸಿಕೊಳ್ಳಬೇಕು.

ಎಣ್ಣೆಯ ಒತ್ತಡದಿಂದ ಏರುವ ಬಾಟಲ್ ಜಾಕ್ ಜೀಪು, ಪಿಕಪ್ಪುಗಳಿಗೆ ಒಳ್ಳೆಯದು. ಆದರೆ ಅದರ ಕನಿಷ್ಠ ಎತ್ತರವೇ ಅನೇಕ ವೇಳೆ ೧೮ರಿಂದ ೨೦ ಸೆಂಟಿಮೀಟರ್ ಇರುವುದರಿಂದ, ಟೈರು ಇಳಿದು ನೆಲಕ್ಕೆ ಹತ್ತಿರವಾದ ತಗ್ಗಿನ ಕಾರಿನಡಿಯಲ್ಲಿ ಅದು ಹೋಗುವುದೇ ಇಲ್ಲ. ಒಳಗಿನ ರಬ್ಬರ್ ಬಳೆಯು ಕಳಪೆಯಾಗಿದ್ದರೆ ಏರಿದ ಜಾಕ್ ಸದ್ದಿಲ್ಲದೆ ಮೆಲ್ಲಗೆ ಇಳಿಯತೊಡಗುತ್ತದೆ. ಯಾವ ಜಾಕ್ ಆದರೂ, ಅದೆಷ್ಟೇ ಬೆಲೆಯದ್ದಾದರೂ, ಅದೊಂದನ್ನೇ ನಂಬಿ ಕಾರಿನಡಿಯಲ್ಲಿ ತಲೆಯನ್ನಾಗಲಿ ಕೈಯನ್ನಾಗಲಿ ಇಡಬಾರದು. ಸ್ಟೆಪ್ನಿಯನ್ನು ಮೊದಲು ಕಾರಿನ ಅಂಚಿನಡಿಯಲ್ಲಿ ಮಲಗಿಸಿಡಬೇಕು; ಕೆಟ್ಟ ಚಕ್ರವನ್ನು ಬಿಚ್ಚಿದ ಮೇಲೆ ಅದನ್ನು ಅಲ್ಲಿಗೆ ತಳ್ಳಿ ಸ್ಟೆಪ್ನಿಯನ್ನು ಹೊರತೆಗೆಯಬೇಕು. ಜಾಕ್ ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆಯೇ ಹೊರತು ಮನುಷ್ಯನ ಮೇಲೆ ಬೀಳುವುದಿಲ್ಲ. ಇದಕ್ಕೆ ಖರ್ಚು ಏನೂ ಇಲ್ಲ.

ಒಂದು ಹಲಗೆಯ ಬೆಲೆ

ಮಲೆನಾಡು, ಕರಾವಳಿಗಳ ದಾರಿಗೆ ಹೋಗುವವರು ಮರೆಯಬಾರದ ಇನ್ನೊಂದು ಸಾಧನ ಮರದ ಹಲಗೆ. ಮಳೆಗಾಲದಲ್ಲಿ ರಸ್ತೆಯ ಅಂಚಿನ ಕೆಂಪು ಮಣ್ಣು ಹಿಟ್ಟಿನಂತೆ ಮೆದುವಾಗಿರುತ್ತದೆ. ಜಾಕ್‌ನ ಪಾದವು ೮ ಸೆಂಟಿಮೀಟರ್ ಅಗಲ, ೧೫ ಸೆಂಟಿಮೀಟರ್ ಉದ್ದವಿದ್ದರೆ ಅದರ ವಿಸ್ತಾರ ೧೨೦ ಚದರ ಸೆಂಟಿಮೀಟರ್. ೪೦೦ ಕಿಲೋ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಮೂರು ಕಿಲೋಗೂ ಮೀರಿದ ಒತ್ತಡ. ಜಾಕ್ ಏರುವ ಬದಲು ತಾನೇ ನೆಲದೊಳಕ್ಕೆ ಇಳಿಯುತ್ತದೆ. ಅದರಡಿ ೩೦ ಸೆಂಟಿಮೀಟರ್ ಚೌಕದ, ಅಂಗುಲ ದಪ್ಪದ ಗಟ್ಟಿಮರದ ಹಲಗೆಯನ್ನಿಟ್ಟರೆ ವಿಸ್ತಾರವು ೯೦೦ ಚದರ ಸೆಂಟಿಮೀಟರ್ ಆಗಿ ಒತ್ತಡವು ಅರ್ಧ ಕಿಲೋಗೂ ಕಡಿಮೆಯಾಗುತ್ತದೆ. ಊರಿನ ಬಡಗಿಯಲ್ಲಿ ಉಳಿದ ಹಲಸಿನ ತುಂಡು ಇದಕ್ಕೆ ಸಾಕು. ಚಕ್ರಕ್ಕೆ ಅಡ್ಡಕೊಡಲು ಇಳಿಜಾರಾಗಿ ಕತ್ತರಿಸಿದ ಎರಡು ಮರದ ತುಂಡುಗಳನ್ನೂ ಅಲ್ಲಿಯೇ ಮಾಡಿಸಿಕೊಳ್ಳಬಹುದು. ದಾರಿಬದಿಯ ಉರುಟುಕಲ್ಲಿಗಿಂತ ಅವು ನಂಬಿಕೆಗೆ ಅರ್ಹ.

ಅಗ್ಗವಾಗಿದ್ದರೂ ಸಾಗುವಂಥವು

ಹಾಗಾದರೆ ಅಗ್ಗದ ಮಾಲಿಗೆ ಎಲ್ಲಿಯೂ ಸ್ಥಾನವಿಲ್ಲವೆ? ಉಂಟು. ಕೈಗವಸು, ಮೊಣಕಾಲೂರಲು ಚಾಪೆಯ ತುಂಡು, ತಲೆಗೆ ಕಟ್ಟಿಕೊಳ್ಳುವ ಸಣ್ಣ ದೀಪ, ವಸ್ತುಗಳನ್ನು ಸುತ್ತಿಡುವ ಚೀಲ ಇವು ಅಗ್ಗವಾಗಿದ್ದರೆ ಬಾಧಕವಿಲ್ಲ. ಕಾರಿನ ೧೨ ವೋಲ್ಟಿನ ವಿದ್ಯುತ್ತಿನಿಂದ ಗಾಳಿ ತುಂಬುವ ಪುಟ್ಟ ಯಂತ್ರವೂ ಮಧ್ಯಮ ಬೆಲೆಯದಾದರೆ ಸಾಕು. ಅದು ಸೋತರೆ ವಿಳಂಬವೇ ಹೊರತು ಅಪಾಯವಿಲ್ಲ. ಅದರ ಮೇಲಿನ ಒತ್ತಡದ ಮಾಪನವನ್ನು ಮಾತ್ರ ಪೆಟ್ರೋಲ್ ಬಂಕಿನ ಮಾಪನದೊಡನೆ ಒಮ್ಮೆ ಹೋಲಿಸಿಕೊಳ್ಳಬೇಕು. ಕೆಂಪು ತ್ರಿಕೋನದ ಎಚ್ಚರಿಕೆಯ ಫಲಕದಲ್ಲಿ ಅಗ್ಗವನ್ನು ನೋಡುವವರು ಅದರ ಪಾದವು ಭಾರವಾಗಿದೆಯೇ ಎಂದು ಪರೀಕ್ಷಿಸಲಿ; ಹಗುರವಾದದ್ದು ಲಾರಿಯೊಂದು ಹಾದುಹೋದ ಗಾಳಿಗೇ ಮಲಗಿಬಿಡುತ್ತದೆ. ಶಿವರಾತ್ರಿಯ ದಿನಗಳಲ್ಲಿ ಚಾರ್ಮಾಡಿಯ ದಾರಿಯಲ್ಲಿ ಧರ್ಮಸ್ಥಳಕ್ಕೆ ಪಾದಯಾತ್ರಿಗಳು ರಾತ್ರಿಯೂ ನಡೆಯುತ್ತಿರುತ್ತಾರೆ. ನಿಂತ ವಾಹನವು ದೂರದಿಂದಲೇ ಕಾಣುವುದು ಕಾರಿನವರ ರಕ್ಷಣೆಗಷ್ಟೇ ಅಲ್ಲ, ಅವರ ರಕ್ಷಣೆಗೂ ಅಗತ್ಯ.

ಅಂಗಡಿಯಲ್ಲಿ ನೋಡಬೇಕಾದದ್ದು

ಪಾನವನ್ನು ಕೊಳ್ಳುವಾಗ ಅದನ್ನು ಅಂಗಡಿಯ ಮುಂದೆ ನಿಂತ ತಮ್ಮದೇ ಕಾರಿನ ನಟ್ಟಿಗೆ ಕೂರಿಸಿ ನೋಡಬೇಕು. ಅದು ಅಲುಗಾಡದೆ, ಕೊನೆಯವರೆಗೆ ಇಳಿಯಬೇಕು. ಬಾಯಿಯ ಗೋಡೆಯ ದಪ್ಪ ಸುತ್ತಲೂ ಸಮವಾಗಿರಬೇಕು. ಗುಳಿ, ಗುಳ್ಳೆಗಳಿದ್ದರೆ ಅದನ್ನು ಕೊಳ್ಳಬಾರದು. ಹೊಳಪಿನ ಲೇಪ ಎಲ್ಲಿಯಾದರೂ ಚಕ್ಕೆಯೆದ್ದಿದ್ದರೆ ಬಿಟ್ಟುಬಿಡಬೇಕು. ಆ ಚಕ್ಕೆಯು ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಉದ್ದ ಮಾಡುವ ಹಿಡಿಯನ್ನು ಪೂರ್ಣ ಎಳೆದು ಅಲುಗಿಸಿ ನೋಡಬೇಕು. 'ಕ್ರೋಮ್ ವೆನೇಡಿಯಂ' ಎಂಬ ಅಕ್ಷರಗಳನ್ನು ಯಾರು ಬೇಕಾದರೂ ಅಚ್ಚೊತ್ತಬಹುದು; ಅದರ ಜೊತೆಗೆ ತಯಾರಕನ ಹೆಸರು, ಪೆಟ್ಟಿಗೆಯ ಮೇಲೆ ವಿಳಾಸ, ಅಂಗಡಿಯವರಿಂದ ರಸೀದಿ ಇದ್ದರೆ ಮಾತ್ರ ಆ ಅಕ್ಷರಗಳಿಗೆ ಅರ್ಥ. ಇವೆಲ್ಲ ತಿಳಿಯದವರಿಗೆ ಒಂದು ಸುಲಭ ಮಾರ್ಗವುಂಟು. ಲಾರಿಗಳು ನಿಲ್ಲುವ ಕಡೆಯ ಗ್ಯಾರೇಜಿನ ಅನುಭವಿ ಮೆಕ್ಯಾನಿಕನನ್ನು ಕೇಳಬೇಕು. ದಿನವೂ ಅದರಿಂದಲೇ ಅನ್ನ ಕಾಣುವವನು ಸುಳ್ಳು ಕಬ್ಬಿಣವನ್ನು ಕೈಯಲ್ಲಿ ಹಿಡಿಯುವುದಿಲ್ಲ.

ಬೆಲೆಯ ಮಾತು ಬಂದಾಗ ಗೃಹಸ್ಥರು ಹೀಗೆ ಯೋಚಿಸಬಹುದು. ಒಳ್ಳೆಯ ಪಾನದ ಬೆಲೆಯು ಒಂದು ಹೊಸ ಟೈರಿನ ಬೆಲೆಗಿಂತ ಬಹಳ ಕಡಿಮೆ. ಟೈರು ಕೆಲವು ವರ್ಷಗಳಲ್ಲಿ ಸವೆದುಹೋದರೆ ಪಾನವು ಮೂರು ಕಾರುಗಳ ಕಾಲ ಬರುತ್ತದೆ. ಅಗ್ಗದ್ದನ್ನು ಎರಡು ಸಲ ಕೊಂಡವನು ಒಳ್ಳೆಯದರ ಬೆಲೆಯನ್ನೇ ಕೊಟ್ಟಿರುತ್ತಾನೆ. ಒಳ್ಳೆಯದು ಮಾತ್ರ ಅವನ ಬಳಿ ಇರುವುದಿಲ್ಲ.

ಮನೆಯಂಗಳದ ಪರೀಕ್ಷೆ

ಉತ್ತಮವಾದದ್ದನ್ನು ಕೊಂಡು ಡಿಕ್ಕಿಯಲ್ಲಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ವಾಹನ ನಡೆಸುವ ಎಲ್ಲರೂ, ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ, ಒಂದೊಂದು ಸಲ ಚಕ್ರವನ್ನು ಬಿಚ್ಚಿ ಜೋಡಿಸಬೇಕು. ನಟ್ಟು ಮಿತಿಮೀರಿ ಬಿಗಿದಿದೆಯೇ, ಜಾಕ್ ವಾಲುತ್ತದೆಯೇ, ಸ್ಟೆಪ್ನಿಯಲ್ಲಿ ಗಾಳಿಯಿದೆಯೇ ಎಂಬ ಸತ್ಯಗಳೆಲ್ಲ ಅಲ್ಲಿಯೇ ಹೊರಬೀಳುತ್ತವೆ. ಘಟ್ಟದ ತಿರುವಿನಲ್ಲಿ ಅಲ್ಲ.

ಕ್ರಮವು ಹೀಗೆ. ಕಾರನ್ನು ತಿರುವಿನಿಂದ ದೂರ, ಸಮವಾದ ಗಟ್ಟಿನೆಲಕ್ಕೆ ತರಬೇಕು. ಅದಕ್ಕಾಗಿ ಇಳಿದ ಟೈರಿನ ಮೇಲೆ ನೂರು ಗಜ ಮೆಲ್ಲಗೆ ಸಾಗಿ ಟೈರು ಹಾಳಾದರೂ ಚಿಂತೆಯಿಲ್ಲ, ಟೈರಿಗಿಂತ ಜೀವ ದೊಡ್ಡದು. ನಾಲ್ಕೂ ಮಿನುಗುದೀಪಗಳನ್ನು ಹಾಕಿ, ಎಲ್ಲರನ್ನೂ ಕೆಳಗಿಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು. ತ್ರಿಕೋನ ಫಲಕವನ್ನು ಐವತ್ತು ಮೀಟರ್ ಹಿಂದೆ, ಘಟ್ಟದಲ್ಲಾದರೆ ತಿರುವಿಗೂ ಮೊದಲು, ಇಡಬೇಕು. ಹ್ಯಾಂಡ್ ಬ್ರೇಕ್ ಎಳೆದು, ಕರ್ಣದ ಎದುರು ಮೂಲೆಯ ಚಕ್ರಕ್ಕೆ ಅಡ್ಡ ಕೊಡಬೇಕು. ಚಕ್ರವು ನೆಲದ ಮೇಲಿರುವಾಗಲೇ ಎಲ್ಲ ನಟ್ಟುಗಳನ್ನೂ ಅರ್ಧ ಸುತ್ತು ಸಡಿಲಿಸಬೇಕು. ಆಮೇಲೆ ಹಲಗೆಯ ಮೇಲೆ ಜಾಕ್ ಇಟ್ಟು ಎತ್ತಬೇಕು. ಸ್ಟೆಪ್ನಿಯನ್ನು ಕೂರಿಸಿ ನಟ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕಾರನ್ನು ಇಳಿಸಿದ ಮೇಲೆ ಒಂದನ್ನು ಬಿಟ್ಟು ಅದರ ಎದುರಿನದನ್ನು ಎಂಬ ಕ್ರಮದಲ್ಲಿ ಬಿಗಿಯಬೇಕು. ಸುಮಾರು ಐವತ್ತು ಕಿಲೋಮೀಟರ್ ಸಾಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಈಚಿನ ಕೆಲವು ಕಾರುಗಳ ಸ್ಟೆಪ್ನಿ ಅಗಲದಲ್ಲಿ ಕಿರಿದು. ಅದರ ಮೇಲೆ ಬರೆದಿರುವ ವೇಗದ ಮಿತಿಯನ್ನು, ಸಾಮಾನ್ಯವಾಗಿ ಗಂಟೆಗೆ ೮೦ ಕಿಲೋಮೀಟರ್, ಮೀರಬಾರದು.

ಜಾಗವು ಇಕ್ಕಟ್ಟಾಗಿದ್ದರೆ, ಮಂಜು ದಟ್ಟವಾಗಿದ್ದರೆ, ಧರೆ ಕುಸಿಯುವ ಲಕ್ಷಣವಿದ್ದರೆ, ಎಷ್ಟೇ ಒಳ್ಳೆಯ ಉಪಕರಣವಿದ್ದರೂ ಚಕ್ರ ಬದಲಿಸುವ ಸಾಹಸಕ್ಕೆ ಇಳಿಯಬಾರದು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ ೧೦೩೩ ಮತ್ತು ತುರ್ತುಸೇವೆಯ ೧೧೨ ಈ ಎರಡು ಸಂಖ್ಯೆಗಳನ್ನು ಮನೆಯ ಪ್ರತಿಯೊಬ್ಬರೂ ಬಲ್ಲವರಾಗಿರಬೇಕು.

ಮುಂದಿನ ಯಾತ್ರೆಗೆ ಹೊರಡುವ ಮುನ್ನ ಓದುಗರು ಡಿಕ್ಕಿಯ ಚಾಪೆಯನ್ನೊಮ್ಮೆ ಎತ್ತಲಿ. ಜಾಕ್‌ನ ತಿರುಪಿಗೆ ಒಂದಿಷ್ಟು ಗ್ರೀಸ್ ಹಚ್ಚಿ, ಪಾನವನ್ನು ನಟ್ಟಿಗೆ ಕೂರಿಸಿ ನೋಡಲಿ. ಅದು ಅಲುಗಾಡಿದರೆ, ಸಿಹಿತಿಂಡಿಗೂ ಬಾಡಿಗೆ ಕೋಣೆಗೂ ತೆಗೆದಿಟ್ಟ ಹಣದಲ್ಲಿ ಕೆಲವು ನೂರು ರೂಪಾಯಿಗಳನ್ನು ಮೊದಲು ಅದಕ್ಕೆ ವಿನಿಯೋಗಿಸಲಿ. ಹಿಂದಿನ ಆಸನದಲ್ಲಿ ಕೂರುವ ಹಿರಿಯರೂ ಮಕ್ಕಳೂ ನಮ್ಮನ್ನು ನಂಬಿ ಕಾರನ್ನೇರುತ್ತಾರೆ. ಆ ನಂಬಿಕೆಗೆ ಡಿಕ್ಕಿಯೊಳಗಿನ ಕಬ್ಬಿಣವೂ ಪಾತ್ರವಾಗಿರಬೇಕು.